ತೂತಿಲ್ಲದ ದೋಸೆ

ಮಸ್ಕತ್‌ನಲ್ಲಿ ನನ್ನ ಕೆಲಸ ತೂತು ಹುಡುಕುವುದು. ಗೌರವವಾಗಿ ಹೇಳುವುದಾದರೆ ಕ್ವಾಲಿಟಿ ಎಂಜಿನಿಯರ್. ನಮ್ಮ ವರ್ಕ್‌ಶಾಪಿನ ತ್ರೀಡಿ ಪ್ರಿಂಟರ್ ಲೋಹದ ಪುಡಿಯನ್ನು ತೆಳ್ಳಗೆ ಹರಡಿ, ಲೇಸರಿನಿಂದ ಕರಗಿಸಿ, ಪದರದ ಮೇಲೆ ಪದರ ಕೂರಿಸಿ ಯಂತ್ರಗಳ ಬಿಡಿಭಾಗ ಮಾಡುತ್ತದೆ. ಹೊರಗಿನಿಂದ ಎಲ್ಲವೂ ಥಳಥಳ. ಒಳಗೆ ಗಾಳಿ ಸಿಕ್ಕಿಕೊಂಡು ತೂತಾಗಿದ್ದರೆ ಎಕ್ಸ್‌ರೇಗೆ ಮಾತ್ರ ಗೊತ್ತು. ಅನ್ನ ಬೆಂದಿತೇ ಎಂದು ಒಂದು ಅಗುಳು ಹಿಸುಕಿ ನೋಡುವ ಜಾಣತನ ಇಲ್ಲಿ ನಡೆಯುವುದಿಲ್ಲ. ಇವತ್ತು ಒಂದು ಚೆನ್ನಾಗಿ ಬಂತೆಂದು ನಾಳೆಯದನ್ನು ನಂಬುವಂತಿಲ್ಲ. ನಾನೂ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ, ಹಾಗಾಗಿ ಈ ಕೆಲಸ ನನಗೆ ಹಿಡಿಸಿತು.

ಕಳೆದ ಬೇಸಗೆಯಲ್ಲಿ, ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರವೊಂದಕ್ಕೆ ಪಂಪಿನ ಚಕ್ರ ಮಾಡಿಕೊಡಬೇಕಿತ್ತು. ವಿನ್ಯಾಸ ನಮ್ಮ ಒಮಾನಿ ಸಹೋದ್ಯೋಗಿಯದು. ವಯಸ್ಸಿನಲ್ಲಿ ಚಿಕ್ಕವಳು, ನನ್ನಿಂದಲೇ ಕಲಿತು ನನ್ನನ್ನು ಅಕ್ಕಾ ಎನ್ನುತ್ತಾಳೆ. ಅವಳ ಮೊದಲ ಸ್ವಂತ ಕೆಲಸ ಅದು. ಮೊದಲು ಮಾಡಿದ ಎರಡು ಚಕ್ರಗಳ ಒಳಗೂ ತೂತು ಕಂಡಿತು, ನಾನೇ ತಿರಸ್ಕರಿಸಿದೆ. ಮೂರನೆಯದೂ ಕೆಟ್ಟರೆ ಆರ್ಡರ್ ಕೈಬಿಟ್ಟು ಹೋಗುತ್ತದೆ, ಅವಳ ವಿನ್ಯಾಸ ಮೂಲೆಗೆ ಎಂದು ಬಾಸ್ ಹೇಳಿಬಿಟ್ಟರು.

ಅವಳ ಮುಖ ಬಾಡಿತು. ಸಮಾಧಾನಕ್ಕೆಂದು ನಾನು, ಎಲ್ಲರ ಮನೆ ದೋಸೆಯೂ ತೂತೇ ಎಂಬ ಗಾದೆಯನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಕುಂದಿಲ್ಲದ ಮನೆಯಿಲ್ಲ ಎಂದು ಅರ್ಥ ಎಂದೆ.

"ಗಾದೆ ಚಂದ, ಅಕ್ಕಾ. ಪಂಪಿಗೆ ಆಗುವುದಿಲ್ಲ."

"ಇದು ಪಾಸಾಗಲಿ, ನಮ್ಮಲ್ಲಿ ನಿನಗೆ ದೋಸೆ."

ಇಬ್ಬರೂ ಕಾರಣ ಹುಡುಕಿದೆವು. ಕೊನೆಗೆ ಸಿಕ್ಕಿಬಿದ್ದದ್ದು ಪುಡಿಯ ಡಬ್ಬಿ. ಮುಚ್ಚಳ ಸಡಿಲವಾಗಿ ಕಡಲ ಗಾಳಿಯ ತೇವ ಒಳಸೇರಿತ್ತು. ಹೊಸ ಪುಡಿ ತರಿಸಿ, ಚೆನ್ನಾಗಿ ಒಣಗಿಸಿ, ಮೂರನೆಯ ಚಕ್ರ ಮಾಡಿದೆವು.

ಪ್ರಮಾಣಪತ್ರ ಕೊಡಲು ಹೊರಗಿನಿಂದ ಬಂದ ಇನ್‌ಸ್ಪೆಕ್ಟರ್ ನನಗಿಂತಲೂ ಸಂಶಯದ ಮನುಷ್ಯ. ಎಕ್ಸ್‌ರೇ ಚಿತ್ರಗಳನ್ನು ಒಂದೊಂದಾಗಿ ಹಿಗ್ಗಿಸಿ ನೋಡಿದರು. ಕೊಟ್ಟ ಚಹಾ ಆರಿ ಕೆನೆಗಟ್ಟಿತು. ಅವಳು ನನ್ನ ತೋಳು ಚಿವುಟುತ್ತಿದ್ದಳು. "ಕ್ಲೀನ್," ಎಂದು ಅವರು ಸಹಿ ಹಾಕಿದರು. ಅಷ್ಟು ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ.

"ಖಲಾಸ್, ಕೆಲಸ ಮುಗಿಯಿತು, ಅಕ್ಕಾ. ದೋಸೆ ಎಲ್ಲಿ?" ಎಂದಳು.

ಶುಕ್ರವಾರ ದಾರ್ಸೈಟ್‌ನ ನಮ್ಮ ಫ್ಲ್ಯಾಟಿಗೆ ಖರ್ಜೂರದ ಪೊಟ್ಟಣ ಹಿಡಿದು ಬಂದಳು. ನೀರುದೋಸೆ ನನ್ನ ಗಂಡನ ಇಲಾಖೆ. ಜಾಲರಿಯ ಹಾಗೆ ಮೈತುಂಬ ತೂತು ಬಂದರೇ ಅದು ನೀರುದೋಸೆ. ಅವರು ಮಾತಿನ ಭರದಲ್ಲಿ ಕಾವಲಿ ಕಾಯುವ ಮೊದಲೇ ಹಿಟ್ಟು ಹೊಯ್ದರು. ಅವಳು ದೋಸೆಯನ್ನು ಎರಡು ಕೈಯಲ್ಲೆತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಅತ್ತಿತ್ತ ತಿರುಗಿಸಿ, ಇನ್‌ಸ್ಪೆಕ್ಟರರಂತೆ ಹುಬ್ಬು ಗಂಟಿಕ್ಕಿ ನೋಡಿದಳು.

"ಎಂತ ನೋಡುದು ಅವಳು?" ಎಂದು ಗಂಡ ನನ್ನನ್ನು ಕೇಳಿದರು.

"ನಿಮ್ಮ ಗಾದೆ ಸುಳ್ಳು, ಅಕ್ಕಾ," ಎಂದಳು ಅವಳು. "ಎಲ್ಲರ ಮನೆ ದೋಸೆಯೂ ತೂತು, ನಿಮ್ಮ ಮನೆಯದೊಂದು ಬಿಟ್ಟು. ರಿಜೆಕ್ಟ್."