ಅಕ್ಕ ಬಿಟ್ಟಿದ್ದ ಗುಳಿಗೆ

ಹಲ್ಲು ಕೀಳಿಸಿಕೊಳ್ಳಲು ಹೋದವಳು ಹಲ್ಲಿನ ಸಮೇತ ಮನೆಗೆ ಬಂದೆ.

ಇದು ಹೋದ ವರ್ಷ ಸೆಪ್ಟೆಂಬರಿನ ಮಾತು. ಎಡಗಡೆಯ ಕೆಳಗಿನ ದವಡೆ ಹಲ್ಲು. ಚಿಕ್ಕೋಡಿಯ ನಮ್ಮ ಡೆಂಟಿಸ್ಟ್ ನನ್ನ ಹಳೇ ವಿದ್ಯಾರ್ಥಿನಿ. (ಏಳನೇ ಕ್ಲಾಸಿನಲ್ಲಿ ನನ್ನ ಕೈಯಲ್ಲಿ ಪೆಟ್ಟು ತಿಂದವಳು. ಹಾಗಾಗಿ ಕುರ್ಚಿಯಲ್ಲಿ ಕೂರುವಾಗಲೇ ನನಗೆ ಅನುಮಾನ ಇತ್ತು.) ಕುರ್ಚಿ ಹಿಂದಕ್ಕೆ ಬಾಗಿಸಿ, ಬಾಯಿ ತೆರೆಸಿ, ಆಮೇಲೆ ಯಾವ ಯಾವ ಗುಳಿಗೆ ತಗೋತೀರಿ ಟೀಚರ್ ಅಂತ ಕೇಳಿದಳು. ನಾನು ಪರ್ಸಿನಿಂದ ಚೀಟಿ ತೆಗೆದು ಕೊಟ್ಟೆ. ಓದಿದಳು. ಕುರ್ಚಿ ಮತ್ತೆ ನೆಟ್ಟಗಾಯಿತು. ಮೊದಲು ನಿಮ್ಮ ಹಾರ್ಟ್ ಡಾಕ್ಟರನ್ನು ಕೇಳಿ ಬನ್ನಿ ಅಂದಳು.

ಅದೇ ವರ್ಷ ಮಾರ್ಚಿನಲ್ಲಿ ನನ್ನ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದ್ದು ನಿಮಗೆ ನೆನಪಿರಬೇಕು. (ಆ ಬಗ್ಗೆ ಈ ಅಂಕಣದಲ್ಲೇ ಮೂರು ವಾರ ಬರೆದು ನಿಮ್ಮ ಬಿಪಿ ಏರಿಸಿದ್ದೆ.) ಮುಚ್ಚಿದ ನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಅದು. ಅದರೊಳಗೆ ರಕ್ತ ಹೆಪ್ಪುಗಟ್ಟಬಾರದು ಅಂತ ರಕ್ತ ತೆಳ್ಳಗೆ ಮಾಡುವ ಎರಡು ಗುಳಿಗೆ. ಕಡಿಮೆಯೆಂದರೂ ಒಂದು ವರ್ಷ. ನಾವಾಗಿ ಒಂದು ದಿನವೂ ಬಿಡುವ ಹಾಗಿಲ್ಲ.

ಬೆಳಗಾವಿಯ ಡಾಕ್ಟರಿಗೆ ಫೋನ್ ಹಚ್ಚಿದೆ. ಗುಳಿಗೆ ಬಿಡಬೇಡಿ, ಬಿಡದೆಯೇ ಹಲ್ಲು ಕೀಳಬಹುದು, ರಕ್ತ ಸ್ವಲ್ಪ ಹೆಚ್ಚು ಹೊತ್ತು ಬರುತ್ತೆ ಅಷ್ಟೆ ಅಂದರು. ಅಷ್ಟೆ! ಆ ಅಷ್ಟೆ ಎಂಬ ಮಾತಿನ ಮೇಲೆ ನಾನು ಎರಡು ದಿನ ನಿದ್ದೆಗೆಟ್ಟೆ. ಗುಳಿಗೆ ಬಿಟ್ಟರೆ ಹೃದಯ ನಿಲ್ಲುತ್ತೆ, ಬಿಡದಿದ್ದರೆ ರಕ್ತ ನಿಲ್ಲಲ್ಲ. ಕೊನೆಗೆ ನನ್ನಂಥವರು ಮಾಡುವುದನ್ನೇ ಮಾಡಿದೆ. ಹಲ್ಲಿನ ಸಂದಿಗೆ ಒಂದು ಲವಂಗ ಇಟ್ಟುಕೊಂಡು ಸುಮ್ಮನಾದೆ.

ಆ ವಾರವೇ ಭರಮು ಫೋನ್ ಮಾಡಿದ.

ಭರಮು ನನ್ನ ತಮ್ಮ. ಐದು ವರ್ಷಕ್ಕೆ ಚಿಕ್ಕವನು. ಅಥಣಿ ತಾಲ್ಲೂಕಿನ ಐಗಳಿಯಲ್ಲಿ ದ್ರಾಕ್ಷಿ ಬೆಳೆಯುತ್ತಾನೆ. ಅಪ್ಪನ ತೋಟ ಅವನಿಗೆ ಬಂತು, ಅಪ್ಪನ ಹೃದಯ ಇಬ್ಬರಿಗೂ ಬಂತು. ನನಗೆ ಸ್ಟೆಂಟ್ ಹಾಕಿದ ಮೂರು ತಿಂಗಳಿಗೆ ಅವನಿಗೂ ಹಾಕಿದರು, ಮಿರಜಿನಲ್ಲಿ. ಎಲ್ಲಾದರಾಗೂ ನೀನ ಮುಂದ ನೋಡಕ್ಕಾ ಅಂತ ಅದಕ್ಕೂ ನಕ್ಕಿದ್ದ. ನನ್ನ ಅಂಜಿಕೆ ಅವನಿಗೆ ಹುಟ್ಟಿನಿಂದ ಬಂದ ಮನರಂಜನೆ. ಓಣಿಯ ಹುಡುಗಿಯರೆಲ್ಲ ಬಾವಿಗೆ ಹಾರಿ ಈಜುವಾಗ ನಾನು ದಂಡೆಯ ಮೇಲೆ ಅವರ ಬಟ್ಟೆ ಕಾಯುತ್ತಿದ್ದೆ. ಅದನ್ನು ಅವನು ಈಗಲೂ ಯಾವ ಮದುವೆಯಲ್ಲೂ ಹೇಳದೆ ಬಿಟ್ಟಿಲ್ಲ.

"ಏನಕ್ಕಾ, ಕಿತ್ರೇನು ಹಲ್ಲ? ಇಲ್ಲಾ ಇಕ್ಕಳಾ ನೋಡಿ ಓಡಿ ಬಂದಿ?"

ಐವತ್ತಾರು ವರ್ಷ ವಯಸ್ಸು. ಎರಡು ಗುಳಿಗೆ. ಒಂದು ಲವಂಗ. ಇನ್ನೂ ಎಷ್ಟು ದಿನ ಬಟ್ಟೆ ಕಾಯುವುದು?

"ಯಾಕ ಓಡಿ ಬರ್ಲಿ? ಕಿತ್ರು. ಏನೂ ಆಗ್ಲಿಲ್ಲ" ಅಂದೆ.

"ಮತ್ತ ಆ ರಕ್ತದ ಗುಳಿಗಿ?"

"ಐದ ದಿನಾ ಬಿಟ್ಟಿದ್ನಿ. ಈಗ ಮತ್ತ ಚಾಲೂ ಮಾಡೀನಿ."

"ಡಾಕ್ಟರನ್ನ ಕೇಳಿದ್ಯೇನು?"

"ಎಲ್ಲಾದಕ್ಕೂ ಡಾಕ್ಟರನ್ನ ಕೇಳ್ಕೋಂತ ಕುಂದರ್ತಾರೇನೋ?"

ಭಲೇ ಅಕ್ಕಾ ಅಂದ ಭರಮು. ನನ್ನ ಜೀವನದಲ್ಲಿ ನನ್ನ ತಮ್ಮ ನನಗೆ ಭಲೇ ಅಂದದ್ದು ಅದೊಂದೇ ಸಲ. ಫೋನ್ ಇಟ್ಟು, ಡಬ್ಬಿ ತೆರೆದು, ಆ ರಾತ್ರಿಯ ಗುಳಿಗೆಯನ್ನು ಸರಿಯಾಗಿ ಎಂಟಕ್ಕೆ ನುಂಗಿದೆ. ಅಂದೂ ಬಿಟ್ಟಿರಲಿಲ್ಲ, ಅದಕ್ಕೆ ಮುಂಚೆಯೂ ಬಿಟ್ಟಿರಲಿಲ್ಲ.

ಅವನು ಚೇಷ್ಟೆಗೆ ಕೇಳುತ್ತಿದ್ದಾನೆ ಅಂದುಕೊಂಡಿದ್ದೆ. ಅವನು ತನಗಾಗಿ ಕೇಳುತ್ತಿದ್ದ.

ಅಕ್ಟೋಬರಿನಲ್ಲಿ ನಮ್ಮ ಕಡೆ ದ್ರಾಕ್ಷಿ ಬಳ್ಳಿಗೆ ಚಾಟ್ನಿ. ಅಂದರೆ ಕಡ್ಡಿಗಳನ್ನು ಎಣಿಸಿ, ಚಿಗುರೊಡೆಯುವ ಕಣ್ಣು ಇಷ್ಟು ಅಂತ ಉಳಿಸಿ ಮಿಕ್ಕಿದ್ದನ್ನು ಕತ್ತರಿಸುವುದು. ವರ್ಷದ ಹಣ್ಣೆಲ್ಲ ಆ ಎರಡು ದಿನದ ಕತ್ತರಿಯಲ್ಲಿದೆ. ಆಳುಗಳ ಗುಂಪು ಬರುತ್ತದೆ, ಆದರೆ ನಮ್ಮ ಮನೆಯ ಪದ್ಧತಿಯಲ್ಲಿ ಮೊದಲ ಸಾಲನ್ನು ಮನೆಯ ಯಜಮಾನನೇ ಈ ತುದಿಯಿಂದ ಆ ತುದಿವರೆಗೆ, ನಡುವೆ ನಿಲ್ಲದೆ ಕತ್ತರಿಸಬೇಕು. ಗುಂಪು ನಿಂತು ನೋಡುತ್ತದೆ. ಅವನು ಎಷ್ಟು ಕಣ್ಣು ಬಿಟ್ಟ ಅಂತ ನೋಡಿಕೊಂಡು ತಾವೂ ಹಾಗೇ ಕತ್ತರಿಸುತ್ತಾರೆ. ಅಪ್ಪ ಹಾಗೇ ಮಾಡುತ್ತಿದ್ದ. ಭರಮು ಅಪ್ಪನದೇ ಕತ್ತರಿ ಹಿಡಿಯುತ್ತಾನೆ.

ಚಾಟ್ನಿ ಮಾಡುವ ಕೈಗೆ ಗಾಯ ಆಗದೆ ಇರುತ್ತದೆಯೇ? ಆ ಆಗಸ್ಟಿನಲ್ಲೇ ಹೆಬ್ಬೆರಳಿಗೆ ಸಣ್ಣ ಗೀರು ಬಿದ್ದು, ಅರ್ಧ ತಾಸು ಟವೆಲ್ ಸುತ್ತಿಕೊಂಡು ಕೂತಿದ್ದನಂತೆ. ಆಳುಗಳ ಮುಂದೆ ಮೊದಲ ಸಾಲಿನ ನಡುವೆ ಹಾಗೆ ಕೂರುವುದು ಅವನಿಗೆ ಬೇಕಿರಲಿಲ್ಲ. ಗುಳಿಗೆ ಬಿಟ್ಟ. ಎಂಟು ದಿನ ಅಂತ ಬಿಟ್ಟದ್ದು. ಚಾಟ್ನಿ ಚಂದ ಆಯಿತು, ಗಾಯ ಆದರೂ ರಕ್ತ ಬೇಗ ನಿಂತಿತು, ಎದೆಯೂ ಸುಮ್ಮನಿತ್ತು. ಎಂಟು ಹನ್ನೆರಡಾಯಿತು. ಹದಿಮೂರನೇ ದಿನ ಮಧ್ಯಾಹ್ನ ಚಪ್ಪರದ ಕೆಳಗೆ ಬೆವರಿ ಕುಸಿದು ಕೂತ.

ಮಿರಜಿನ ಡಾಕ್ಟರು ಮೊದಲು ಕೇಳಿದ್ದು ಒಂದೇ. "ಗೋಳ್ಯಾ ಬಂದ್ ಕೇಲ್ಯಾ ಹೋತ್ಯಾ ಕಾ?" ಗುಳಿಗೆ ನಿಲ್ಲಿಸಿದ್ದರಾ?

ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿತ್ತು. ತೆರೆದರು. ಜೀವ ಉಳಿಯಿತು. ಹೃದಯದ ಒಂದು ಭಾಗ ಮಾತ್ರ ಉಳಿಯಲಿಲ್ಲ.

ಐಸಿಯು ಹೊರಗಿನ ಬೆಂಚಿನ ಮೇಲೆ ಅವನ ಹೆಂಡತಿ ಸುವರ್ಣಾ ನನ್ನ ಪಕ್ಕ ಕೂತಿದ್ದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನಾ ಬ್ಯಾಡಂದ್ನಿರಿ ಅಕ್ಕಾರ. 'ಬಾಳಿಹಣ್ಣ ಸೈತ ತೊಳದ ತಿನ್ನಾಕಿ ನಮ್ಮಕ್ಕ. ಆಕೀನ ಬಿಟ್ಟಾಳಂದ್ರ ಅಂಜಿಕಿ ಎಲ್ಲೈತಿ' ಅಂದ್ರು."

ನೋಡಿ, ಇದು ನನಗೆ ಹೊಳೆದೇ ಇರಲಿಲ್ಲ. ಧೈರ್ಯವಂತನೊಬ್ಬ ಗುಳಿಗೆ ಬಿಟ್ಟೆ ಅಂದರೆ ಯಾರೂ ಬಿಡಲ್ಲ. ಅವನೇನು, ಹುಚ್ಚ ಅಂತಾರೆ. ಅಂಜುಬುರುಕಿ ಬಿಟ್ಟೆ ಅಂದರೆ ಅದು ಸರ್ಟಿಫಿಕೇಟ್. ಐವತ್ತು ವರ್ಷ ನಾನು ಅಂಜಿ ಅಂಜಿ ಗಳಿಸಿಟ್ಟಿದ್ದ ನಂಬಿಕೆಯನ್ನೆಲ್ಲ ಒಂದು ಭಲೇಗೆ ಮಾರಿದ್ದೆ.

ಅವತ್ತೇ ಹೇಳಬೇಕಿತ್ತು. ಐಸಿಯುನಲ್ಲಿ ಹೇಗೆ ಹೇಳುವುದು? ಆಮೇಲೆ ಮನೆಗೆ ಬಂದ, ನಿಶ್ಶಕ್ತಿ. ಆಮೇಲೆ ಸ್ವಲ್ಪ ಚೇತರಿಸಿಕೊಂಡ, ಈಗ ಯಾಕೆ ಕೆದಕುವುದು? ಪ್ರತಿ ತಿಂಗಳೂ ನನಗೊಂದು ಒಳ್ಳೆ ಕಾರಣ ಸಿಗುತ್ತಾ ಹೋಯಿತು. ಹೀಗೆ ಒಂದು ವರ್ಷ ಆಗುತ್ತಾ ಬಂತು.

ಈಗ ಹೋದ ವಾರಕ್ಕೆ ಬರೋಣ.

ಬೆಳಗಾವಿಗೆ ಚೆಕಪ್ಪಿಗೆ ಹೋಗಿದ್ದೆ. ಡಾಕ್ಟರು ಫೈಲ್ ನೋಡಿ, ಒಂದೂವರೆ ವರ್ಷ ಆಯಿತು, ಇನ್ನು ಎರಡರಲ್ಲಿ ಒಂದು ಗುಳಿಗೆ ನಿಲ್ಲಿಸಿ, ಇನ್ನೊಂದು ಕಾಯಂ ಇರಲಿ ಅಂದರು. ಖಂಡಿತಾನಾ ಅಂದೆ. ಖಂಡಿತ ಅಂದರು. ಬಾಗಿಲ ತನಕ ಹೋಗಿ ವಾಪಸ್ ಬಂದು ಮತ್ತೆ ಕೇಳಿದೆ. ಅವರು ಚೀಟಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು ಕೊಟ್ಟರು. (ಆ ಚೀಟಿ ಲ್ಯಾಮಿನೇಟ್ ಮಾಡಿಸಿದ್ದೇನೆ.) ಆದರೂ ದಿನಾ ಬೆಳಿಗ್ಗೆ ಆ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಹತ್ತು ನಿಮಿಷ ನಿಲ್ಲುತ್ತೇನೆ. ಓದಿದ ಡಾಕ್ಟರು ಪರೀಕ್ಷೆ ಮಾಡಿ ಬಿಡು ಅಂದರೂ ನನಗೆ ಬಿಡಲಾಗದು. ಡಾಕ್ಟರಿಕೆ ಓದದ ನಾನು, ಫೋನಿನಲ್ಲಿ, ಒಂದು ಉಸಿರಿನಲ್ಲಿ ತಮ್ಮನಿಗೆ ಬಿಡಿಸಿದ್ದೆ.

ಶನಿವಾರ ಐಗಳಿಗೆ ಹೋದೆ. ಹೇಳಿಯೇ ಬರುವುದು ಅಂತ ಹೋದೆ.

ಭರಮು ಪಡಸಾಲೆಯಲ್ಲಿ ಕೂತು ಅಪ್ಪನ ಕತ್ತರಿ ಮಸೆಯುತ್ತಿದ್ದ. ತೂಕ ಇಳಿದಿದೆ. ಎರಡು ಮೆಟ್ಟಿಲು ಹತ್ತಿದರೆ ನಿಂತು ಉಸಿರು ತಗೊಳ್ಳುತ್ತಾನೆ. ಈ ಸಲದ ಚಾಟ್ನಿಗೆ ಇನ್ನೂ ಎರಡು ವಾರ ಇದೆ, ಮಿಕ್ಕ ಕೆಲಸ ಯಾರಾದರೂ ಮಾಡಲಿ, ಮೊದಲ ಸಾಲು ಮಾತ್ರ ನಾನೇ ಅನ್ನುತ್ತಾನಂತೆ. ಅಡುಗೆಮನೆಯಲ್ಲಿ ಸುವರ್ಣಾ ದನಿ ತಗ್ಗಿಸಿ ಹೇಳಿದಳು. ಗುಳಿಗಿ ಮತ್ತ ನಾಲ್ಕ ದಿನಾ ಬಿಡ್ತೀನಿ ಅನ್ನಾಕತ್ತಾರ್ರಿ.

ಎರಡನೇ ಸಲ ಸ್ಟೆಂಟ್ ತೆರೆದು ಇನ್ನೂ ವರ್ಷ ತುಂಬಿಲ್ಲ.

ಊಟಕ್ಕೆ ಕೂತಾಗ ಶುರು ಮಾಡಿದೆ. ಡಾಕ್ಟರನ್ನು ಕೇಳದೆ ಗುಳಿಗೆ ಮುಟ್ಟಬೇಡ, ಒಂದು ಸಲ ಆದದ್ದು ಸಾಲದೇ ಅಂತ. ಅವನು ಸಿಟ್ಟಾಗಲಿಲ್ಲ. ನನ್ನನ್ನು ಸಮಾಧಾನ ಮಾಡುವವನ ಹಾಗೆ ಹೇಳಿದ.

"ಗುಳಿಗಿಯಿಂದೇನೂ ಆಗಿಲ್ಲಕ್ಕಾ. ನೀನೂ ಬಿಟ್ಟಿದ್ದಿ, ನಿನಗೇನಾತು? ನನ್ನ ಹಣೆಬರಾನ ಹಂಗಿತ್ತ. ನಿಂದ ಗಟ್ಟಿ ಜೀವಾ."

ಅಂದರೆ ಈ ಒಂದು ವರ್ಷ ಅವನು ತಪ್ಪನ್ನು ಗುಳಿಗೆಯ ಮೇಲೆ ಹಾಕಿಲ್ಲ, ನನ್ನ ಮೇಲೂ ಹಾಕಿಲ್ಲ. ತನ್ನ ಮೈಯ ಮೇಲೆ ಹಾಕಿಕೊಂಡಿದ್ದಾನೆ. ಇನ್ನು ಹೇಳಲೇಬೇಕು ಅಂತ ಬಾಯಿ ತೆರೆದೆ. ಬಾಯಿಯಲ್ಲಿ ಖಡಕ್ ರೊಟ್ಟಿ ಇತ್ತು. ಬಲಗಡೆಯಿಂದ ಅಗಿಯುತ್ತಿದ್ದೆ. ಅವನು ನೋಡಿದ.

"ಅಲ್ಲಕ್ಕಾ, ಆ ಹಲ್ಲ ಕಿತ್ತ ಒಗದಾರಲ್ಲ. ಇನ್ನೂ ಯಾಕ ಒಂದ ಕಡೇನ ಅಗೀತಿ?"

ದೇವರು ಇಷ್ಟು ಸುಲಭದ ದಾರಿಯನ್ನು ಎಷ್ಟು ಜನಕ್ಕೆ ಕೊಡುತ್ತಾನೆ? ಬರೀ ಬಾಯಿ ತೋರಿಸಿದ್ದರೆ ಸಾಕಿತ್ತು.

"ಇದು ಅದರ ಪಕ್ಕದ್ದೋ. ಈಗ ಇದೂ ಚಾಲೂ ಆಗೇತಿ" ಅಂದೆ.

ಭರಮು ನಕ್ಕ. ಸುವರ್ಣಾ ನನ್ನ ತಾಟಿಗೆ ಮೆತ್ತಗಿನ ರೊಟ್ಟಿ ಹಾಕಿದಳು. ನಾನು ತಿಂದೆ. ಸಂಜೆಯ ಬಸ್ಸಿಗೆ ಚಿಕ್ಕೋಡಿಗೆ ಬಂದೆ.

ಫೋನ್ ಮಾಡಿ ಹೇಳಬಹುದಲ್ಲ ಅಂತೀರಿ. ಮೂರು ಸಲ ಹಚ್ಚಿದೆ. ಮೂರು ಸಲವೂ ಐಗಳಿಯ ಮಳೆ, ಚಿಕ್ಕೋಡಿಯ ಮಳೆ ಮಾತಾಡಿ ಇಟ್ಟೆ. ಎದುರಿಗೆ ಹೇಳಲಾಗದ್ದನ್ನು ನಾನು ಬರೆದು ಬಿಡಬಲ್ಲೆ. ಅದೂ ಒಂಥರಾ ಬಾವಿಯ ದಂಡೆಯ ಮೇಲೆ ಕೂರುವುದೇ, ಗೊತ್ತು. ಆದರೆ ಈ ಅಂಕಣವನ್ನು ರವಿವಾರ ಚಹಾ ಕುಡಿಯುವಾಗ ಸುವರ್ಣಾ ಗಟ್ಟಿಯಾಗಿ ಓದುತ್ತಾಳೆ, ಭರಮು ಕಣ್ಣು ಮುಚ್ಚಿಕೊಂಡು ಕೇಳುತ್ತಾನೆ. ನನ್ನನ್ನು ನಾನೇ ಬೈದುಕೊಂಡ ಕಡೆ ಇನ್ನೊಮ್ಮೆ ಓದು ಅನ್ನುತ್ತಾನಂತೆ.

ಸುವರ್ಣಾ, ಇದೊಂದು ಸಾಲನ್ನು ಅವನು ಕೇಳದಿದ್ದರೂ ಎರಡು ಸಲ ಓದು.

ಭರಮೂ, ಅದು ಪಕ್ಕದ ಹಲ್ಲಲ್ಲ, ಅದೇ ಹಲ್ಲು.