ತಂಗಿಯ ಫೋನಿಗೆ ಹಾಕಲಾಗದ ಬೀಗ

ನನ್ನ ತಂಗಿಯ ಕೈಲಿರೋದು ಅವಳ ಗಂಡ ಬಳಸಿ ಬಿಟ್ಟ ಫೋನು. ನಮ್ಮ ಕಡೆ ಹಾಗೇ, ಗಂಡಸು ಹೊಸದು ತಗೊಂಡರೆ ಹಳೇದು ಹೆಂಡತಿಗೆ. ಒಳಗಿನ ಅಕೌಂಟ್ ಮಾತ್ರ ಅವನದೇ ಉಳಿಯುತ್ತೆ, ಫೋನು ಎಲ್ಲಿದೆ ಅಂತ ಅವನ ಹೊಸ ಫೋನಿನಲ್ಲಿ ಕಾಣುತ್ತೆ. ಹಾಗಾಗಿ ಇವಳು ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಹೊತ್ತು ನಿಂತಿದ್ದಳು ಅನ್ನೋದು ಗೆಂಡೆಹಳ್ಳಿಯಲ್ಲಿ ಕೂತ ಆ ಮಹಾರಾಯನಿಗೆ ಗೊತ್ತಾಗುತ್ತೆ. ಊಟಕ್ಕೆ ಬಡಿಸುವಾಗ ವಿಚಾರಣೆ. ಅರಸೀಕೆರೆಯಲ್ಲಿರೋ ನನಗೆ, ಒಡಹುಟ್ಟಿದ ಅಕ್ಕನಿಗೆ, ಕಷ್ಟಸುಖದ ಒಂದು ಮೆಸೇಜು ಹಾಕೋಕೂ ಅವಳಿಗೆ ಭಯ.

ಯಾರೂ ಇಣುಕದ ಹಾಗೆ ಫೋನು ಕಾಯೋ ಬೇರೆ ಆಪರೇಟಿಂಗ್ ಸಿಸ್ಟಂ ಒಂದಿದೆ, ಅದೂ ಪುಕ್ಕಟೆ ಅಂತ ವಿಡಿಯೋದಲ್ಲಿ ನೋಡಿದ್ದೆ. ಇರೋದನ್ನ ಅಳಿಸಿ ಅದನ್ನ ಹಾಕಿಸಿದರೆ ಹೊರಗಿಂದ ಅದೇ ಫೋನು, ಒಳಗೆ ಪೂರ್ತಿ ಅವಳದು. ಕುಣಿದುಕೊಂಡು ಬೇಲೂರಿಗೆ ಬಂದು, ಅವಳನ್ನ ಅಲ್ಲಿನ ಮೊಬೈಲ್ ಅಂಗಡಿಗೆ ಕರೆಸಿದೆ.

ಅಂಗಡಿಯವನು ಫೋನು ತಿರುಗಿಸಿ ನೋಡಿ, ಇದಕ್ಕಾಗಲ್ಲ ಮೇಡಂ ಅಂದ. ಆ ಸಿಸ್ಟಂ ಕೂರೋದು ಒಂದೇ ಕಂಪನಿಯ ಫೋನಿನಲ್ಲಂತೆ, ಅದರಲ್ಲೂ ಈಚಿನವುಗಳಲ್ಲಿ ಮಾತ್ರ. ಇದನ್ನ ತಯಾರಿಸಿದ ಕಂಪನಿಯೇ ಬೇರೆ ಏನನ್ನೂ ಒಳಗೆ ಹಾಕೋಕೆ ಬಿಡಲ್ಲವಂತೆ. ಸುಮ್ಮನೆ ಅಳಿಸಿದರೂ ಮತ್ತೆ ಅವಳ ಗಂಡನ ಪಾಸ್‌ವರ್ಡೇ ಕೇಳುತ್ತಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ದುಬಾರಿ ಫೋನಿನವರ ಗುಟ್ಟಿಗೆ ಅಷ್ಟೊಂದು ಕಾವಲು, ಹಳೇ ಫೋನು ಹಿಡಿದವಳ ಗುಟ್ಟು ಬೀದಿಗೆ. ಯಾವ ಸೀಮೆ ನ್ಯಾಯ ಇದು? ಹಾಳಾಗಿ ಹೋಗಲಿ, ಆ ಕಂಪನಿ ಫೋನನ್ನೇ ಕೊಡಿಸ್ತೀನಿ ನಡಿ ಅಂದೆ.

ತಂಗಿ ನನ್ನ ಮುಖ ನೋಡಿದಳು. "ಹೊಸ ಫೋನ್ ಹಿಡ್ಕೊಂಡು ಆ ಮನೆಗೆ ಹೋಗೋ ಧೈರ್ಯ ಇದ್ದಿದ್ರೆ, ಕದ್ದು ಇಲ್ಲಿಗ್ಯಾಕೆ ಬತ್ತಿದ್ದೆ ಅಕ್ಕ?"

ಅಷ್ಟರಲ್ಲಿ ಅವಳ ಫೋನು ಬಡಕೊಂಡಿತು. ಅವಳ ಗಂಡ. ಮೊಬೈಲ್ ಅಂಗಡೀಲಿ ನಿನಗೇನು ಕೆಲಸ ಅಂತ ಅವನು ಗದರಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಅಕ್ಕನ ಫೋನು ಒಡೆದೋಗೈತೆ, ರಿಪೇರಿಗೆ ಬಂದಿದ್ದೀವಿ ಅಂದಳು, ಒಂದಿಷ್ಟೂ ತಡವರಿಸದೆ. ಚಿಕ್ಕಂದಿನಲ್ಲಿ ಬೆಲ್ಲ ಕದ್ದರೆ ಕೇಳೋ ಮೊದಲೇ ಒಪ್ಪಿಕೊಂಡು ಅಳುತ್ತಿದ್ದ ಹುಡುಗಿ ಇವಳು. ಅವನು ನಂಬಲಿಲ್ಲ. ಒಡೆದ ಫೋನಿನ ಫೋಟೋ ಕಳಿಸು ಅಂತ ಹೇಳಿ ಇಟ್ಟುಬಿಟ್ಟ.

ನಾನು ನನ್ನ ಬ್ಯಾಗಿನಿಂದ ಫೋನು ತೆಗೆದೆ. ಚೆನ್ನಾಗೇ ಇತ್ತು, ಒಂದು ಗೀರೂ ಇರಲಿಲ್ಲ. ಅಂಗಡಿಯ ಕಲ್ಲುಮೆಟ್ಟಿಲಿಗೆ ಎತ್ತಿ ಕುಕ್ಕಿದೆ. ಗಾಜು ಅಡ್ಡಡ್ಡ ಸೀಳಿತು. ಬೀದಿಯವರು ತಿರುಗಿ ನೋಡಿದರು.

"ತಗೋ," ಅಂದೆ, "ಕಳಿಸು."

ಅವಳು ಫೋಟೋ ತೆಗೆದು ಕಳಿಸಿದಳು. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಸರಿ, ಬೇಗ ಮನೆಗೆ ಬಾ ಅಂತಿತ್ತು.