ಬಾಣಂತಿಗೆ ಆರಿಸಿದ ಅರಿಸಿನ

ರಫ್ತಾಗುವ ಅರಿಸಿನದ ಮಾದರಿ ತೆಗೆಯುವುದು ನನ್ನ ಕೆಲಸ. ಮೂಟೆಗೆ ಕೈಹಾಕಿ ಒಂದೆರಡು ಹಿಡಿ ತೆಗೆದು, ಪೊಟ್ಟಣ ಕಟ್ಟಿ ಪ್ರಯೋಗಾಲಯಕ್ಕೆ ಕೊಡುತ್ತೇನೆ. ಈಚೆಗೆ ಜರ್ಮನಿ, ಜಪಾನಿನವರು ಬಣ್ಣ ಹಾಕದ, ಮಂಕು ಅರಿಸಿನವನ್ನೇ ಕೇಳುತ್ತಾರೆ.

ಹನೂರಿನ ಪಾಲಿಶ್ ಶೆಡ್ಡೊಂದರಲ್ಲಿ ಅಂಥ ಮೂಟೆಗಳ ಮಾದರಿ ತೆಗೆದು ಮುಗಿಸಿದ್ದೆ. ಪಕ್ಕದಲ್ಲಿ ಮಾದಯ್ಯ ಎಂಬ ಹಿರಿಯರು ಅರಿಸಿನದ ಕೊಂಬು ತುಂಬಿ ತಿರುಗುವ ಡ್ರಮ್ಮಿನೊಳಗೆ ಹಳದಿ ಬಣ್ಣದ ಪುಡಿ ಎರಚುತ್ತಿದ್ದರು. ಆ ಪುಡಿಯಲ್ಲಿ ಸೀಸವಿರುತ್ತದೆಂದು ನನಗೆ ಗೊತ್ತಿತ್ತು.

“ಇದಕ್ಯಾಕೆ ಬಣ್ಣ?” ಎಂದೆ.

“ಇದು ನಮ್ ಜನಕ್ಕೆ ಸಾ. ಒಳಪಿಲ್ದಿದ್ರೆ ಯಾರೂ ಮುಟ್ಟಾಕಿಲ್ಲ. ನಮ್ ಮಗಳು ಬಾಣಂತಿ, ದಿನಾ ಹಾಲಿಗಾಕಿ ಕುಡೀತಾವ್ಳೆ. ಅದ್ಕೇ ಒಳ್ಳೆ ಬಣ್ಣದ್ದೇ ಆರಿಸ್ಕಂಡ್ ಓಯ್ತೀನಿ.”

ಅದು ವಿಷ, ತಾಯಿಯ ಹಾಲಿನಿಂದ ಕೂಸಿನ ಮೆದುಳಿಗೆ ಹೋಗುತ್ತದೆ ಎಂದೆ. ಅವರ ಕೈ ನಿಂತಿತು. ನನ್ನಲ್ಲಿ ಎರಡು ಪೊಟ್ಟಣ ಮಾದರಿ ಇತ್ತು. ಒಂದನ್ನು ಅವರಿಗೆ ಕೊಟ್ಟೆ. ಬಿಚ್ಚಿ, ಮೂಸಿ ನೋಡಿದರು.

“ಏನ್ ಸಾ ಇದು, ಮಣ್ಣಿದ್ದಂಗದೆ. ಫಾರಿನ್ನೋರು ಬ್ಯಾಡ ಅಂದಿದ್ದಾ?”

“ಅವರು ತಿನ್ನುವುದೇ ಇದನ್ನು.”

“ಔರ್ಗೇನು ಸಾ, ಔರಿಗೆ ಬಾಣಂತನ ಗೊತ್ತಾ? ಈ ಮಂಕು ಬಣ್ಣದಾಗೆ ಔಸ್ದಿ ಗುಣ ಎಲ್ಲದೆ?”

ಪೊಟ್ಟಣವನ್ನು ಮಡಿಸಿ, ಮರ್ಯಾದೆಯಿಂದ ನನಗೇ ವಾಪಸು ಕೊಟ್ಟರು. ಸಂಜೆ ಹೊರಡುವಾಗ ಟವೆಲ್ಲಿನ ತುದಿಯಲ್ಲಿ ಮಿರಿಮಿರಿ ಮಿಂಚುವ ಕೊಂಬುಗಳನ್ನೇ ಗಂಟು ಹಾಕಿಕೊಂಡಿದ್ದರು.

ವಾರದ ನಂತರ ರಫ್ತಿನ ಮಾದರಿಯ ವರದಿ ಬಂತು: ಸೀಸ ಇಲ್ಲ. ಜರ್ಮನಿಯ ಬಾಣಂತಿಯರ ಮಟ್ಟಿಗೆ ಅದು ನಿಜ.